ಬಲವಿದ್ದ ಹಲಗೆ ಬಾಗಿದ್ದೇಕೆ?

ದಕ್ಷಿಣ ಗೋವಾದ ಕೈಗಾರಿಕಾ ವಸಾಹತೊಂದರಲ್ಲಿ ತೆಂಗಿನ ನಾರಿನ ಹಲಗೆ ಮಾಡಲು ಹೊರಟ ಸಣ್ಣ ಘಟಕವೊಂದರ ಪ್ರಕರಣ ಇದು. ಯಜಮಾನರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಯಾರ ಹೆಸರೂ ಇಲ್ಲಿಲ್ಲ. ಗುರುತು ಹತ್ತುವಂಥ ವಿವರಗಳನ್ನು ಬದಲಿಸಿದ್ದೇನೆ. ನಾರಿಗೆ ಏನಾಯಿತು, ಹಲಗೆಗೆ ಏನಾಯಿತು, ಯಾವ ಹಂತದಲ್ಲಿ ಯಾರು ಏನು ತೀರ್ಮಾನಿಸಿದರು ಎಂಬುದರಲ್ಲಿ ಮಾತ್ರ ಕೈಯಾಡಿಸಿಲ್ಲ. ಇಂಥದೇ ಕೆಲಸಕ್ಕೆ ಇಳಿಯುವವರಿಗೆ ಬೇಕಾಗುವುದು ಅಷ್ಟೇ.

ಹಿನ್ನೆಲೆ

ಯಜಮಾನರು ಉತ್ತರ ಕನ್ನಡದ ಕರಾವಳಿಯವರು. ಗೋವಾಕ್ಕೆ ಬಂದು ಫೈಬರ್ ಗ್ಲಾಸ್ ಕೆಲಸ ಕಲಿತು, ಆಮೇಲೆ ಸ್ವಂತ ಶೆಡ್ ಹಾಕಿದರು. ದೋಣಿಯ ಬಿಡಿಭಾಗ, ನೀರಿನ ತೊಟ್ಟಿ, ಅಂಗಡಿಗಳ ಮುಂದಿನ ಚಾವಣಿ: ಅಚ್ಚಿನ ಮೇಲೆ ಗಾಜಿನ ನಾರಿನ ಹಾಸು ಹರವಿ, ಪಾಲಿಯೆಸ್ಟರ್ ರೆಸಿನ್ (ಆಮೇಲೆ ಗಟ್ಟಿಯಾಗುವ ಪ್ಲಾಸ್ಟಿಕ್ ದ್ರವ) ಬಳಿದು ಆಗುವ ಯಾವ ಕೆಲಸವೂ ಅವರಿಗೆ ಹೊಸದಲ್ಲ. ಮೇಸ್ತ್ರಿ ಹಾವೇರಿ ಕಡೆಯವರು. ಕೆಲಸಗಾರರಲ್ಲಿ ಹೆಚ್ಚಿನವರು ಗದಗ, ಬಾಗಲಕೋಟೆ ಜಿಲ್ಲೆಗಳಿಂದ ಬಂದು ವಾಸ್ಕೋ, ಝುವಾರಿನಗರಗಳಲ್ಲಿ ನೆಲೆಸಿದವರು. ಗಿರಾಕಿಗಳ ಜತೆ ಕೊಂಕಣಿ, ಹಿಂದಿ, ಶೆಡ್ಡಿನೊಳಗೆ ಕನ್ನಡವೇ. ಗುಣಮಟ್ಟ ನೋಡಿಕೊಳ್ಳಲು ಧಾರವಾಡದಲ್ಲಿ ಓದಿದ ತರುಣ ಎಂಜಿನಿಯರೊಬ್ಬರು ಆಗಷ್ಟೇ ಸೇರಿದ್ದರು. ಯಜಮಾನರು ಅವರನ್ನು ‘ತಂಗಿ’ ಎನ್ನುತ್ತಿದ್ದರು, ಉಳಿದವರೆಲ್ಲ ‘ಮೇಡಂ’ ಎನ್ನುತ್ತಿದ್ದರು.

ಸಮುದ್ರತೀರದ ರೆಸಾರ್ಟ್ ಒಂದರಿಂದ ಬೇಡಿಕೆ ಬಂತು. ಕೋಣೆಗಳ ಬಟ್ಟೆ ಕಪಾಟಿನ ಬಾಗಿಲು, ಮಂಚದ ತಲೆಹಲಗೆ, ಗೋಡೆಯ ಶೆಲ್ಫ್ ಎಲ್ಲವೂ ನಾರಿನ ಹಲಗೆಯಲ್ಲೇ ಆಗಬೇಕು, ನಾರು ಕಣ್ಣಿಗೆ ಕಾಣುವಂತಿರಬೇಕು. ಒಳಾಂಗಣ ವಿನ್ಯಾಸಕರ ಷರತ್ತು ಇನ್ನೂ ಒಂದಿತ್ತು: ಎಲ್ಲ ಹಲಗೆಯೂ 12 ಮಿಲಿಮೀಟರ್ ದಪ್ಪ, ಹೆಚ್ಚಿದರೆ ಅಂದ ಕೆಡುತ್ತದೆ. ಈ ಷರತ್ತನ್ನು ಆಗ ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಇಡೀ ಪ್ರಕರಣದ ಕೀಲಿ ಅದರಲ್ಲೇ ಇತ್ತು.

ನಾರು ಅರಸೀಕೆರೆ ಕಡೆಯಿಂದ ಬೇಲ್‌ಗಳಲ್ಲಿ ಬಂತು. ಗೋವಾದಲ್ಲಿ ತೆಂಗಿಗೆ ಬರವಿಲ್ಲ ನಿಜ, ಆದರೆ ಘಟಕದ ಸುತ್ತಮುತ್ತ ಸಿಪ್ಪೆಯೆಲ್ಲ ಹೋಗುವುದು ಬಚ್ಚಲ ಒಲೆಗೆ.

ತೆಂಗಿನ ನಾರಿನ ಸ್ವಭಾವವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಸಸ್ಯದ ನಾರುಗಳಲ್ಲಿ ಬಲ ಕೊಡುವುದು ಸೆಲ್ಯುಲೋಸಿನ ಅತಿಸಣ್ಣ ಎಳೆಗಳು. ಸೆಣಬಿನಲ್ಲಿ ಅವು ನಾರಿನ ಉದ್ದಕ್ಕೆ ಹೆಚ್ಚುಕಡಿಮೆ ನೇರವಾಗಿರುತ್ತವೆ, ಓರೆ ಹತ್ತು ಡಿಗ್ರಿಯ ಒಳಗೆ. ತೆಂಗಿನ ನಾರಿನಲ್ಲಿ ಅವು 30ರಿಂದ 45 ಡಿಗ್ರಿಯಷ್ಟು ಓರೆಯಾಗಿ, ಸ್ಪ್ರಿಂಗಿನ ಹಾಗೆ ಸುತ್ತಿಕೊಂಡಿರುತ್ತವೆ. ಎಳೆದರೆ ಸುರುಳಿ ಮೊದಲು ಬಿಚ್ಚಿಕೊಳ್ಳಬೇಕು. ಹಾಗಾಗಿ ತೆಂಗಿನ ನಾರು ತನ್ನ ಉದ್ದದ ಶೇ 15ಕ್ಕಿಂತಲೂ ಹೆಚ್ಚು ಹಿಗ್ಗಿ ಆಮೇಲೆ ತುಂಡಾಗುತ್ತದೆ. ಸೆಣಬು ಶೇ 2ರ ಆಸುಪಾಸಿನಲ್ಲೇ ತುಂಡಾಗುತ್ತದೆ. ಬಲದ ಲೆಕ್ಕಕ್ಕೆ ಬಂದರೆ ತೆಂಗಿನ ನಾರು 130ರಿಂದ 220 ಮೆಗಾಪ್ಯಾಸ್ಕಲ್, ಸೆಣಬು 400ರಿಂದ 800. ತೆಂಗಿನ ನಾರಿನಲ್ಲಿ ಲಿಗ್ನಿನ್ ಎಂಬ ಗಟ್ಟಿ ಪದಾರ್ಥ ಶೇ 40ರಷ್ಟಿರುವುದರಿಂದ ಬೇಗ ಕೊಳೆಯುವುದಿಲ್ಲ, ಕಡಲ ತೀರಕ್ಕೆ ಹೇಳಿ ಮಾಡಿಸಿದಂತಿದೆ. ಪೆಟ್ಟು ತಾಳುತ್ತದೆ, ಕೊಳೆಯದೆ ಉಳಿಯುತ್ತದೆ, ಆದರೆ ಸುಲಭವಾಗಿ ಹಿಗ್ಗುತ್ತದೆ. ಕೊನೆಯ ಗುಣ ಕಾಲುಒರಸಿಗೆ ವರ, ಶೆಲ್ಫಿಗೆ ಶಾಪ.

ಮೇ ತಿಂಗಳ ಹಲಗೆ

ಮೊದಲ ಹಲಗೆಗಳು ಮೇ ತಿಂಗಳಲ್ಲಿ ಆದವು, ಚೆನ್ನಾಗಿಯೇ ಆದವು. ನಾರನ್ನು ಕೊಡವಿ ನಾರಿನ ಪುಡಿ ತೆಗೆದರು. ಶೇ 5ರ ಕಾಸ್ಟಿಕ್ ಸೋಡಾ ನೀರಿನಲ್ಲಿ ಕೆಲವು ಗಂಟೆ ನೆನೆಸಿದರು. ಇದರಿಂದ ನಾರಿನ ಮೇಲಿನ ಮೇಣದ ಪದರ ಕಳಚಿ ಮೈ ಒರಟಾಗುತ್ತದೆ, ರೆಸಿನ್ ಹಿಡಿದುಕೊಳ್ಳಲು ಜಾಗ ಸಿಗುತ್ತದೆ. ಆಮೇಲೆ ಅಸಿಟಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ, ಪಿಎಚ್ ಕಾಗದ 7 ತೋರಿಸುವವರೆಗೆ ತೊಳೆದು, ಶೆಡ್ಡಿನ ಮುಂದಿನ ಸಿಮೆಂಟು ಅಂಗಳದಲ್ಲಿ ಹರವಿದರು. ಗೋವಾದ ಮೇ ಬಿಸಿಲಿಗೆ ಬೇರೆ ಒಲೆ ಬೇಕಿರಲಿಲ್ಲ. ಒಣಗಿದ ನಾರನ್ನು ಹಾಸಾಗಿ ಹರವಿ ರೆಸಿನ್ ಕುಡಿಸಿ, 4 ಅಡಿಗೆ 2 ಅಡಿ ಅಳತೆಯ ಉಕ್ಕಿನ ತಟ್ಟೆಗಳ ನಡುವೆ ಹಳೆಯ ಸ್ಕ್ರೂ ಪ್ರೆಸ್ಸಿನಲ್ಲಿ ಒತ್ತಿದರು. ಪ್ರೆಸ್ ಇಲ್ಲದೆ ಕೈಯಲ್ಲೇ ಮಾಡಿದರೆ ತೆಂಗಿನ ನಾರು ಮತ್ತೆ ಮತ್ತೆ ಉಬ್ಬಿ ಏಳುತ್ತದೆ, ರೆಸಿನ್ ಕೆಳಕ್ಕೆ ಇಳಿದು ಮೇಲ್ಭಾಗ ಒಣಗಿ ನಿಲ್ಲುತ್ತದೆ. ಒಂದು ಹಲಗೆಯ ತೂಕ ಸುಮಾರು 10 ಕಿಲೋ. ಅದರಲ್ಲಿ ನಾರು ಕಾಲು ಭಾಗ, ಉಳಿದದ್ದು ಪಾಲಿಯೆಸ್ಟರ್.

ತುಂಡುಗಳನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿದರು. ಬಾಗುವ ಪರೀಕ್ಷೆ ಎಎಸ್‌ಟಿಎಂ ಡಿ 790 ಎಂಬ ಅಮೆರಿಕದ ಮಾನಕದ ಪ್ರಕಾರ ನಡೆಯಿತು. ತುಂಡನ್ನು ಎರಡು ಆಧಾರಗಳ ಮೇಲಿಟ್ಟು ನಡುವೆ ಒತ್ತುವುದು. ಆಧಾರಗಳ ನಡುವಿನ ಅಂತರ ದಪ್ಪದ 16 ಪಟ್ಟು, ಅಂದರೆ 12 ಮಿಲಿಮೀಟರ್ ಹಲಗೆಗೆ 192 ಮಿಲಿಮೀಟರ್. ಐದು ತುಂಡುಗಳ ಸರಾಸರಿ ಬಾಗುಬಲ, ಅಂದರೆ ಬಾಗಿಸಿದಾಗ ಮುರಿಯುವ ಮುನ್ನ ತಾಳುವ ಒತ್ತಡ, 38 ಮೆಗಾಪ್ಯಾಸ್ಕಲ್ ಬಂತು. ಯಜಮಾನರು ಆ ಸಂಖ್ಯೆಗೆ ಗೆರೆ ಎಳೆದು ರೆಸಾರ್ಟಿಗೆ ಕಳಿಸಿದರು. ಆ ವರದಿಯ ಎರಡನೆಯ ಪುಟದಲ್ಲಿ ಇನ್ನೊಂದು ಸಾಲಿತ್ತು: ಬಾಗುವಿಕೆಯ ಮಾಡ್ಯುಲಸ್ (ಪೆಡಸುತನದ ಅಳತೆ), 2.5 ಗಿಗಾಪ್ಯಾಸ್ಕಲ್. ಅದನ್ನು ಗಿರಾಕಿಯೂ ಓದಲಿಲ್ಲ, ಘಟಕದವರೂ ಓದಲಿಲ್ಲ.

ನಮೂನೆಗೆಂದು ಒಂದು ಕೋಣೆಯನ್ನು ಸಜ್ಜುಗೊಳಿಸಿದ್ದಾಯಿತು. ನೋಡಿದವರು ಮೆಚ್ಚಿದರು. ಉಳಿದ ಕೋಣೆಗಳ ಕೆಲಸಕ್ಕೆ ಮುಂಗಡ ಬಂತು, ಕೆಲಸ ಶುರುವಾಗುವಷ್ಟರಲ್ಲಿ ಮಳೆಯೂ ಶುರುವಾಯಿತು.

ಮಳೆಗಾಲದಲ್ಲಿ

ಜುಲೈ ಹಲಗೆಗಳಲ್ಲಿ ಅಲ್ಲಲ್ಲಿ ಹಾಲು ಚೆಲ್ಲಿದಂಥ ಬಿಳಿ ಮಚ್ಚೆ ಕಾಣಿಸಿತು. ಪ್ರೆಸ್ಸಿನಿಂದ ತೆಗೆದ ಮರುದಿನ ಮೂಲೆಗಳು ಸೊಟ್ಟಗಾದವು. ಪರೀಕ್ಷೆಗೆ ಹೋದ ತುಂಡುಗಳ ಸರಾಸರಿ 21ಕ್ಕೆ ಇಳಿಯಿತು. ಸರಾಸರಿಗಿಂತ ಕೆಟ್ಟದ್ದು ಏರುಪೇರು: ಮೇ ತಿಂಗಳ ತುಂಡುಗಳು 35ರಿಂದ 41ರ ಒಳಗಿದ್ದರೆ, ಜುಲೈಯವು 13ರಿಂದ 29ರವರೆಗೆ ಚದುರಿದ್ದವು. ಒಂದೇ ಹಲಗೆಯ ಎರಡು ತುಂಡು ಇಷ್ಟು ಬೇರೆ ಬೇರೆ ಮಾತಾಡಿದರೆ ಯಾವುದನ್ನೂ ನಂಬಿ ಮಾಲು ಕಳಿಸಲಾಗದು.

ಅದೇ ವಾರ ರೆಸಾರ್ಟಿನಿಂದ ದೂರೂ ಬಂತು: ನಮೂನೆ ಕೋಣೆಯ ಶೆಲ್ಫುಗಳು ನಡುವೆ ಜೋತುಬಿದ್ದಿವೆ. ಎರಡು ಸುದ್ದಿಯನ್ನೂ ಒಟ್ಟಿಗೆ ಕೇಳಿದ ಎಲ್ಲರೂ ಒಂದೇ ತೀರ್ಮಾನಕ್ಕೆ ಬಂದರು. ಹಲಗೆಗೆ ಬಲ ಸಾಲದು, ಅದಕ್ಕೇ ಬಾಗುತ್ತಿದೆ, ಬಲ ಹೆಚ್ಚಿಸಬೇಕು. ಮುಂದಿನ ಕೆಲವು ವಾರಗಳ ಖರ್ಚೆಲ್ಲ ಈ ಒಂದು ವಾಕ್ಯದ ಮೇಲೆ ಆಯಿತು.

ಮೇಸ್ತ್ರಿಯ ಅನುಮಾನ ರೆಸಿನ್ ಗಟ್ಟಿಯಾಗಲೆಂದು ಬೆರೆಸುವ ಕ್ಯಾಟಲಿಸ್ಟಿನ ಮೇಲೆ. ಮಳೆಗಾಲದ ತಂಪಿಗೆ ರೆಸಿನ್ ನಿಧಾನವಾಗಿ ಗಟ್ಟಿಯಾಗುತ್ತದೆ ಎಂದು ಅವರು ಪ್ರಮಾಣ ಏರಿಸಿದರು. ರೆಸಿನ್ನಿನ ತೂಕದ ಶೇ 1ರಿಂದ 2 ಹಾಕಬೇಕಾದದ್ದು ಮೂರು ದಾಟಿತು. ಹಲಗೆ ಬೇಗ ಗಟ್ಟಿಯಾಯಿತೇನೋ ನಿಜ, ಒಳಗೆ ಬಿಸಿ ಏರಿ ಕಂದು ಬಣ್ಣ ತಿರುಗಿತು, ಕೂದಲೆಳೆಯಂಥ ಬಿರುಕು ಬಿಟ್ಟಿತು. ಈ ಕೆಲಸ ಹೊಸದಾಗಿ ಮಾಡುವವರಿಗಾಗಿ ಒಂದು ಮಾತು: ಗಟ್ಟಿಯಾಗುವುದನ್ನು ಚುರುಕುಗೊಳಿಸುವ ಕೋಬಾಲ್ಟ್ ದ್ರಾವಣವನ್ನು ಮೊದಲು ರೆಸಿನ್ನಿಗೆ ಸೇರಿಸಿ ಪೂರ್ತಿ ಕಲಸಿದ ಮೇಲೆಯೇ ಕ್ಯಾಟಲಿಸ್ಟ್ ಹಾಕಬೇಕು. ಇವೆರಡನ್ನು ನೇರವಾಗಿ ಒಂದಕ್ಕೊಂದು ಸುರಿದರೆ ಬೆಂಕಿ ಹೊತ್ತಬಹುದು, ಸಿಡಿಯಬಹುದು. ಅವಸರದಲ್ಲಿ ಪ್ರಮಾಣ ಬದಲಿಸುವ ಹೊತ್ತಿನಲ್ಲೇ ಇಂಥ ಅನಾಹುತ ಆಗುವುದು.

ಯಜಮಾನರ ಅನುಮಾನ ರೆಸಿನ್ ಸರಬರಾಜುದಾರನ ಮೇಲೆ. ಬೇರೆಯವರಿಂದ ಡ್ರಮ್ ತರಿಸಿದರು, ಮಚ್ಚೆ ಹೋಗಲಿಲ್ಲ. ಎಂಜಿನಿಯರ್ ಸೋಡಾದ ಪ್ರಮಾಣ ಶೇ 10ಕ್ಕೆ ಏರಿಸಿ ನೋಡಿದರು. ನಾರು ಕಪ್ಪಾಗಿ, ಬೆರಳಲ್ಲಿ ಹಿಡಿದು ಎಳೆದರೆ ಲಟಕ್ಕನೆ ತುಂಡಾಗುವಂತಾಯಿತು. ಸೋಡಾ ಅತಿಯಾದರೆ ಮೇಣದ ಜತೆಗೆ ನಾರಿನ ಎಳೆಗಳನ್ನು ಅಂಟಿಸಿ ಹಿಡಿದ ಪದಾರ್ಥವನ್ನೂ ತಿನ್ನುತ್ತದೆ.

ನನ್ನನ್ನು ಕರೆದದ್ದು ಇಷ್ಟಾದ ಮೇಲೆ. ಮುರಿದ ತುಂಡುಗಳನ್ನು ಯಾರೂ ಎಸೆದಿರಲಿಲ್ಲ, ಅದೊಂದು ಪುಣ್ಯ. ಎಂಜಿನಿಯರ್ ಪ್ರತಿಯೊಂದಕ್ಕೂ ಚೀಟಿ ಅಂಟಿಸಿ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದರು. ಮುರಿದ ಅಂಚುಗಳನ್ನು ಭೂತಗನ್ನಡಿಯಲ್ಲಿ ನೋಡಿದೆವು. ಮೇ ತುಂಡುಗಳಲ್ಲಿ ಹೊರಚಾಚಿದ ನಾರುಗಳು ಗಿಡ್ಡ. ಅವುಗಳ ಮೈಗೆ ರೆಸಿನ್ನಿನ ಚೂರುಗಳು ಕಚ್ಚಿಕೊಂಡಿದ್ದವು. ಅಂದರೆ ನಾರು ರೆಸಿನ್ನನ್ನು ಬಿಡದೆ, ತಾನೇ ತುಂಡಾಗಿತ್ತು. ಜುಲೈ ತುಂಡುಗಳಲ್ಲಿ ನಾರುಗಳು ಉದ್ದುದ್ದ, ನುಣುಪು, ಬೋಳು. ಎದುರು ಭಾಗದಲ್ಲಿ ಅವು ಜಾರಿಬಂದ ತೂತುಗಳು, ಪ್ರತಿ ತೂತಿನ ಸುತ್ತ ತೆಳುವಾದ ಬಿಳಿ ಉಂಗುರ. ನಾರಿಗೂ ರೆಸಿನ್ನಿಗೂ ನಡುವೆ ಏನೋ ಬಂದು ಕೂತಿತ್ತು.

ನಾರಿನ ಮೂಟೆಯಿಂದ 100 ಗ್ರಾಂ ತೂಗಿ 105 ಡಿಗ್ರಿಯ ಒಲೆಯಲ್ಲಿಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಕಾದೆವು. 85 ಗ್ರಾಮಿಗೆ ಬಂದು ನಿಂತಿತು. ಆ ಲೆಕ್ಕದಲ್ಲಿ ಒಂದು ಹಲಗೆಯ ಎರಡೂವರೆ ಕಿಲೋ ನಾರಿನ ಜತೆ ಸುಮಾರು 375 ಗ್ರಾಂ ನೀರು ಒಳಗೆ ಹೋಗುತ್ತಿತ್ತು. ಮೇಸ್ತ್ರಿ ಪಕ್ಕದಲ್ಲಿದ್ದ ನೀರಿನ ಲೋಟವನ್ನು ಒಮ್ಮೆ ನೋಡಿ, “ಒಂದೂವರೆ ಲೋಟ ನೀರನ್ನು ನಾವೇ ಕೈಯಾರೆ ಸುರಿದ ಹಾಗಾಯಿತಲ್ಲ ಸಾಹೇಬರೇ,” ಎಂದರು. ಪಾಲಿಯೆಸ್ಟರ್ ರೆಸಿನ್ನಿಗೂ ನೀರಿಗೂ ಆಗಿಬರುವುದಿಲ್ಲ. ನೀರಿದ್ದ ಕಡೆ ಅದು ಪೂರ್ತಿ ಗಟ್ಟಿಯಾಗದೆ ಮಂಜಾಗುತ್ತದೆ.

ಗಮನಿಸಬೇಕಾದದ್ದು, ಆ ನಾರು ಮುಟ್ಟಿದರೆ ಒಣಗಿದಂತೆಯೇ ಇತ್ತು. ಜುಲೈಯಲ್ಲಿ ಗೋವಾದ ಗಾಳಿಯ ತೇವ ಸಾಮಾನ್ಯವಾಗಿ ಶೇ 85ರ ಮೇಲಿರುತ್ತದೆ. ಅಂಥ ಗಾಳಿಯಲ್ಲಿ ಎಷ್ಟು ದಿನ ಹರವಿಟ್ಟರೂ ಸಸ್ಯದ ನಾರು ಗಾಳಿಗೆ ತಕ್ಕಷ್ಟು ನೀರನ್ನು ಹಿಡಿದೇ ಇರುತ್ತದೆ. ಗಾಜಿನ ನಾರಿನಲ್ಲಿ ಈ ತಾಪತ್ರಯ ಇರಲಿಲ್ಲವಾದ್ದರಿಂದ ವರ್ಷಾನುಗಟ್ಟಲೆ ಮಳೆಗಾಲದಲ್ಲೂ ಕೆಲಸ ಮಾಡಿದ ಕೈಗಳಿಗೆ ಇದು ಹೊಳೆಯಲಿಲ್ಲ. ಅವರ ಅನುಭವ ಸುಳ್ಳಲ್ಲ, ಅದು ಬೇರೆ ನಾರಿನ ಅನುಭವ.

ಪರಿಹಾರ ದುಬಾರಿಯಾಗಲಿಲ್ಲ. ತಗಡಿನ ಹಳೆಯ ಕಪಾಟಿಗೆ ಹೀಟರ್, ಚಿಕ್ಕ ಫ್ಯಾನ್, ತೇವ ಹೊರಹೋಗಲು ಕೊಳವೆ ಇಟ್ಟು, ರಾತ್ರಿಯಿಡೀ 80 ಡಿಗ್ರಿಯಲ್ಲಿ ನಾರು ಒಣಗಿಸಲು ವ್ಯವಸ್ಥೆಯಾಯಿತು. ತೆಗೆದ ಕೂಡಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು, ಪ್ರೆಸ್ ಸಿದ್ಧವಾದಾಗಲೇ ಬಿಚ್ಚುವುದು. ಪ್ರತಿ ಮೂಟೆಯಿಂದ ಒಂದು ಹಿಡಿ ತೂಗಿ, ಒಣಗಿಸಿ, ಮತ್ತೆ ತೂಗಿ, ತೇವ ಶೇ 3ಕ್ಕಿಂತ ಹೆಚ್ಚಿದ್ದರೆ ವಾಪಸ್ ಕಪಾಟಿಗೆ. ಸೋಡಾ ಶೇ 5ಕ್ಕೇ ಮರಳಿತು, ಕ್ಯಾಟಲಿಸ್ಟ್ ಮೊದಲಿನ ಪ್ರಮಾಣಕ್ಕೇ ಮರಳಿತು. ಬಾಗುಬಲ 36ಕ್ಕೆ ಏರಿತು, ಬಿಳಿ ಮಚ್ಚೆ ಮಾಯವಾಯಿತು.

ಇದೇ ಹೊತ್ತಿಗೆ ತುಂಡು ಕತ್ತರಿಸುವ ರೀತಿಯನ್ನೂ ಬದಲಿಸಿದೆವು. ಅಲ್ಲಿಯವರೆಗೆ ಎಲ್ಲ ತುಂಡುಗಳನ್ನೂ ಹಲಗೆಯ ನಡುಭಾಗದಿಂದ ತೆಗೆಯುತ್ತಿದ್ದರು. ಅಲ್ಲಿ ಒತ್ತಡ ಚೆನ್ನಾಗಿ ಬೀಳುತ್ತದೆ, ಕಾಣಲೂ ಚೆನ್ನ. ಆದರೆ ಗಿರಾಕಿ ಕೊಳ್ಳುವುದು ಅಂಚನ್ನೂ ಸೇರಿಸಿ. ಈಗ ನಡುವಿನಿಂದ ಅರ್ಧ, ಅಂಚಿನಿಂದ ಅರ್ಧ, ಹಾಗೆಯೇ ಉದ್ದಕ್ಕೂ ಅಡ್ಡಕ್ಕೂ ತೆಗೆಯುತ್ತಾರೆ. ಸರಾಸರಿ ತುಸು ಇಳಿಯಿತು. ಯಜಮಾನರಿಗೆ ಅದು ಹಿಡಿಸಲಿಲ್ಲ. “ಒಳ್ಳೆಯ ಅಂಕ ಬರುವ ಕಡೆ ಬಿಟ್ಟು ಕೆಟ್ಟ ಅಂಕ ಬರುವ ಕಡೆ ಯಾಕೆ ಹುಡುಕುವುದು ತಂಗಿ?” ಎಂದು ಕೇಳಿದರು. ಸ್ಕ್ರೂ ಬೀಳುವುದು ಅಂಚಿನಲ್ಲಿ ಎಂದು ಎಂಜಿನಿಯರ್ ಹೇಳಿದ ಮೇಲೆ ಸುಮ್ಮನಾದರು.

ಹಲಗೆಯ ಬೆನ್ನ ಮೇಲಿನ ತಾರೀಖು

ಬಲ ಮರಳಿತು, ಇನ್ನು ಶೆಲ್ಫಿನ ದೂರೂ ತೀರಿತು ಎಂದುಕೊಂಡು ಹೊಸ ಹಲಗೆ ಹಾಕಲು ಜನ ಹೊರಟರು. ಹೊರಡುವ ಮುಂಚೆ ನಮೂನೆ ಕೋಣೆಯಿಂದ ಜೋತುಬಿದ್ದ ಒಂದು ಶೆಲ್ಫನ್ನು ಬಿಚ್ಚಿ ತರಿಸಿ ಎಂದು ಹೇಳಿದೆ. ತಂದು ಮಗುಚಿದರೆ ಬೆನ್ನ ಮೇಲೆ ಮಾರ್ಕರಿನಲ್ಲಿ ಬರೆದ ತಯಾರಿಕೆಯ ತಾರೀಖು: ಮೇ ತಿಂಗಳದ್ದು. ಅದೇ 38ರ ಮಾಲು.

ಇಡೀ ಪ್ರಕರಣ ತಿರುಗಿದ್ದು ಇಲ್ಲಿ. ನಮೂನೆ ಕೋಣೆ ಮಳೆಗೆ ಮುಂಚೆಯೇ ಸಜ್ಜಾಗಿತ್ತು, ಅದರಲ್ಲಿ ಜುಲೈ ಹಲಗೆ ಇರಲು ಸಾಧ್ಯವೇ ಇರಲಿಲ್ಲ. ಎಲ್ಲರಿಗೂ ಗೊತ್ತಿದ್ದ ಸಂಗತಿಯೇ. ಆದರೆ ಎರಡು ಕೆಟ್ಟ ಸುದ್ದಿ ಒಂದೇ ವಾರ ಬಂದದ್ದರಿಂದ ಎರಡಕ್ಕೂ ಒಂದೇ ಕಾರಣ ಅಂಟಿಕೊಂಡಿತ್ತು. ಶೆಡ್ಡಿನಲ್ಲಿದ್ದದ್ದು ಎರಡು ರೋಗ. ಒಂದು ತೇವದ್ದು, ವಾಸಿಯಾಗಿತ್ತು. ಇನ್ನೊಂದನ್ನು ಯಾರೂ ಮುಟ್ಟಿಯೇ ಇರಲಿಲ್ಲ.

ಲೆಕ್ಕ ಹಾಕಲು ಕೂತೆವು. ಶೆಲ್ಫಿನ ಉದ್ದ 900 ಮಿಲಿಮೀಟರ್, ಅಗಲ 300, ದಪ್ಪ 12. ಎರಡು ತುದಿಯಲ್ಲಿ ಮಾತ್ರ ಆಧಾರ. ಮೇಲೆ ಸಮನಾಗಿ ಹರಡಿದ 20 ಕಿಲೋ ಭಾರ, ಅಂದರೆ ಪುಸ್ತಕ, ಬ್ಯಾಗು, ಮಡಚಿಟ್ಟ ಹೊದಿಕೆ. ಈ ಭಾರಕ್ಕೆ ಹಲಗೆಯ ಮೇಲ್ಮೈಯಲ್ಲಿ ಬೀಳುವ ಒತ್ತಡ ಸುಮಾರು 3 ಮೆಗಾಪ್ಯಾಸ್ಕಲ್. ಹಲಗೆ ತಾಳಬಲ್ಲದ್ದು 38. ಹನ್ನೆರಡು ಪಟ್ಟು ಹೆಚ್ಚು ಬಲ ಮೊದಲೇ ಇತ್ತು. ಅದೇ ಭಾರಕ್ಕೆ, 2.5 ಗಿಗಾಪ್ಯಾಸ್ಕಲ್ ಮಾಡ್ಯುಲಸ್ಸಿನ ಲೆಕ್ಕದಲ್ಲಿ, ನಡುವೆ ಬಾಗುವುದು 17 ಮಿಲಿಮೀಟರ್. ಅದು ಭಾರ ಇಟ್ಟ ಕ್ಷಣದ ಬಾಗು. ಪ್ಲಾಸ್ಟಿಕ್ ಕೂಡಿದ ಇಂಥ ಹಲಗೆ ಭಾರ ಹೊತ್ತು ನಿಂತಷ್ಟು ದಿನವೂ ನಿಧಾನವಾಗಿ ಇನ್ನಷ್ಟು ಬಾಗುತ್ತ ಹೋಗುತ್ತದೆ. ರೆಸಾರ್ಟಿನವರು ಅಳೆದಾಗ ಸಿಕ್ಕದ್ದು 25ರ ಮೇಲೆ.

“38ರಲ್ಲಿ 3 ಅಷ್ಟೇ ಖರ್ಚಾಗುತ್ತಿದ್ದರೆ ಬಾಗುವುದಾದರೂ ಯಾಕೆ?” ಯಜಮಾನರ ಪ್ರಶ್ನೆ ಸರಿಯಾದದ್ದೇ. ಬಲ ಎನ್ನುವುದು ಎಷ್ಟು ಭಾರಕ್ಕೆ ಮುರಿಯುತ್ತದೆ ಎಂಬುದರ ಅಳತೆ. ಪೆಡಸುತನ ಎನ್ನುವುದು ಮುರಿಯುವುದಕ್ಕೆ ಎಷ್ಟೋ ಮುಂಚೆ, ಸಣ್ಣ ಭಾರಕ್ಕೇ ಎಷ್ಟು ಬಗ್ಗುತ್ತದೆ ಎಂಬುದರ ಅಳತೆ. ತೆಂಗಿನ ನಾರಿನ ಹಲಗೆ ಮುರಿಯುವುದಕ್ಕೆ ಹಟಮಾರಿ, ಬಗ್ಗುವುದಕ್ಕೆ ಧಾರಾಳಿ. ಕಪಾಟಿನ ಬಾಗಿಲಿಗೆ, ತಲೆಹಲಗೆಗೆ ಈ ಗುಣದಿಂದ ತೊಂದರೆಯಿಲ್ಲ. ಅವು ನೆಟ್ಟಗೆ ನಿಲ್ಲುತ್ತವೆ, ಭಾರ ಹೊರುವುದಿಲ್ಲ. ಶೆಲ್ಫಿಗೆ ಅದೊಂದೇ ಗುಣ ಮುಖ್ಯ. ಇನ್ನೂ ಒಂದು ಸಂಗತಿ ಹೇಳಿದಾಗ ಮೇಸ್ತ್ರಿ ನಂಬಲಿಲ್ಲ: ನಾರು ಬೆರೆಸದ ಬರೀ ಪಾಲಿಯೆಸ್ಟರ್ ರೆಸಿನ್ನಿನ ಹಲಗೆಯ ಬಾಗುಬಲ ಸಾಮಾನ್ಯವಾಗಿ ನಮ್ಮ ನಾರುಹಲಗೆಗಿಂತ ಹೆಚ್ಚೇ ಇರುತ್ತದೆ. ತೆಂಗಿನ ನಾರು ಕೊಡುವುದು ಪೆಟ್ಟು ಬಿದ್ದರೂ ಚೂರಾಗದ ಗುಣವನ್ನು, ಉಳಿಸುವುದು ರೆಸಿನ್ ಖರ್ಚನ್ನು. ಅದರಿಂದ ಗಾಜಿನ ನಾರಿನ ಕೆಲಸವನ್ನು ನಿರೀಕ್ಷಿಸುವುದು ನಾರಿಗೆ ಮಾಡುವ ಅನ್ಯಾಯ.

ಏನು ಮಾಡಬಹುದಿತ್ತು

ದಪ್ಪ ಹೆಚ್ಚಿಸುವುದು ಮೊದಲ ದಾರಿ. ಬಾಗುವಿಕೆ ದಪ್ಪದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 12ರ ಬದಲು 18 ಮಾಡಿದರೆ 17 ಮಿಲಿಮೀಟರ್ ಬಾಗು 5ಕ್ಕೆ ಬರುತ್ತದೆ. ಆದರೆ ರೆಸಿನ್ ಒಂದೂವರೆ ಪಟ್ಟು, ತೂಕವೂ ಒಂದೂವರೆ ಪಟ್ಟು. ವಿನ್ಯಾಸಕರು ಫೋನಿನಲ್ಲೇ ಒಲ್ಲೆ ಎಂದರು.

ಎರಡನೆಯ ದಾರಿ ಹೇಳಿದ್ದು ಶೆಲ್ಫ್ ಕೂರಿಸುವ ಬಡಗಿ. “ನಡುವೆ ಒಂದು ಬ್ರಾಕೆಟ್ ಹೊಡೆದರೆ ಮುಗಿಯಿತಲ್ಲ,” ಎಂದು ಅವರು ಆರಂಭದಲ್ಲೇ ಹೇಳಿದ್ದರಂತೆ, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ. ಲೆಕ್ಕ ಅವರ ಪರವಾಗಿಯೇ ಇತ್ತು. ಒಂದೇ ರೀತಿ ಹರಡಿದ ಭಾರಕ್ಕೆ ಬಾಗುವಿಕೆ ಆಧಾರಗಳ ನಡುವಿನ ಅಂತರದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಬದಲಾಗುತ್ತದೆ. ಅಂತರ ಅರ್ಧವಾದರೆ ಬಾಗು ಹದಿನಾರನೇ ಒಂದು ಭಾಗ. 17ರಿಂದ ಸುಮಾರು 1 ಮಿಲಿಮೀಟರ್. ನಾರು ಬದಲಿಸಬೇಕಿಲ್ಲ, ರೆಸಿನ್ ಬದಲಿಸಬೇಕಿಲ್ಲ, ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ.

ಮೂರನೆಯದು ಹಲಗೆಯ ಒಳರಚನೆಯನ್ನೇ ಬದಲಿಸುವುದು. ಹಲಗೆ ಬಾಗುವಾಗ ಹೆಚ್ಚು ದುಡಿಯುವುದು ಮೇಲಿನ ಮತ್ತು ಕೆಳಗಿನ ಪದರಗಳು. ನಡುಭಾಗ ಅವನ್ನು ದೂರ ಹಿಡಿದು ನಿಲ್ಲಿಸಿದರೆ ಸಾಕು. ಹಾಗಾದರೆ ಪೆಡಸಾದ ಸೆಣಬಿನ ಗೋಣಿಬಟ್ಟೆಯನ್ನು ಎರಡೂ ಮುಖಕ್ಕೆ ಒಂದೂವರೆ ಮಿಲಿಮೀಟರ್ ದಪ್ಪಕ್ಕೆ ಹಾಕಿ, ನಡುವೆ ತೆಂಗಿನ ನಾರು ಇಡುವುದು. ಸೆಣಬು ಮತ್ತು ಪಾಲಿಯೆಸ್ಟರಿನ ಪದರಕ್ಕೆ 7 ಗಿಗಾಪ್ಯಾಸ್ಕಲ್ ಹಿಡಿದರೆ 12 ಮಿಲಿಮೀಟರ್ ಹಲಗೆಯಲ್ಲೇ ಬಾಗು 8ಕ್ಕೆ ಇಳಿಯುತ್ತದೆ, 15 ಮಾಡಿದರೆ 5ಕ್ಕಿಂತ ಕಡಿಮೆ.

ನಾಲ್ಕನೆಯ ದಾರಿಯನ್ನು ಮೇಸ್ತ್ರಿ ದನಿ ತಗ್ಗಿಸಿ ಹೇಳಿದರು. “ಒಳಗೆ ಒಂದು ಪದರ ಗಾಜಿನ ಹಾಸು ಹಾಕಿಬಿಡೋಣ ಸಾಹೇಬರೇ. ಮೇಲೆ ನಾರು ಇರುತ್ತದೆ, ಯಾರಿಗೆ ಗೊತ್ತಾಗುತ್ತದೆ?” ತಾಂತ್ರಿಕವಾಗಿ ಇದು ಎಲ್ಲಕ್ಕಿಂತ ಸುಲಭ, ಕೈಗೆ ಪಳಗಿದ ಕೆಲಸ. ಯಜಮಾನರು ಸ್ವಲ್ಪ ಹೊತ್ತು ಯೋಚಿಸಿದರು. ಬೇಡ ಎಂದದ್ದಕ್ಕೆ ಅವರು ಕೊಟ್ಟ ಕಾರಣ ಆದರ್ಶದ್ದಲ್ಲ: “ಬಡಗಿ ಅಂಚು ಕತ್ತರಿಸಿದ ಕೂಡಲೇ ಬಿಳಿ ಗೆರೆ ಕಾಣುತ್ತದೆ. ಆಮೇಲೆ ಈ ಊರಿನಲ್ಲಿ ನನ್ನ ಯಾವ ಮಾಲನ್ನೂ ಯಾರೂ ನಂಬುವುದಿಲ್ಲ.” ಅಷ್ಟು ಸಾಕು ಎಂದು ನನಗನ್ನಿಸಿತು.

ಕೊನೆಗೆ ಆದ ತೀರ್ಮಾನ ಇದು: ಬಾಗಿಲು ಮತ್ತು ತಲೆಹಲಗೆ ಮೊದಲಿನಂತೆ 12 ಮಿಲಿಮೀಟರಿನ ತೆಂಗಿನ ನಾರಿನ ಹಲಗೆ. ಶೆಲ್ಫಿಗೆ ಸೆಣಬಿನ ಮುಖದ 15 ಮಿಲಿಮೀಟರ್ ಹಲಗೆ, 600 ಮಿಲಿಮೀಟರಿಗಿಂತ ಉದ್ದವಿದ್ದರೆ ನಡುವೆ ಬ್ರಾಕೆಟ್ ಕಡ್ಡಾಯ. ವಿನ್ಯಾಸಕರನ್ನು ಒಪ್ಪಿಸಿದ್ದು ಲೆಕ್ಕವಲ್ಲ. ಎಂಜಿನಿಯರ್ ಎರಡು ಶೆಲ್ಫನ್ನು ಅಕ್ಕಪಕ್ಕ ಹೂಡಿ, ಎರಡರ ಮೇಲೂ 20 ಕಿಲೋ ಮರಳಿನ ಚೀಲ ಇಟ್ಟು, ಅಂಚಿಗೆ ನೇರ ದಾರ ಕಟ್ಟಿ ತೋರಿಸಿದರು. ಹಳೆಯ ಹಲಗೆ ದಾರದಿಂದ ಎಷ್ಟು ಕೆಳಗಿಳಿದಿದೆ ಎಂದು ಕಂಡ ಮೇಲೆ ಬ್ರಾಕೆಟ್ಟಿನ ಬಣ್ಣದ ಬಗ್ಗೆ ಮಾತ್ರ ಚರ್ಚೆ ಉಳಿಯಿತು.

ಉಳಿದ ಲೆಕ್ಕಗಳು

ಜುಲೈಯ ಕೆಟ್ಟ ಹಲಗೆಗಳನ್ನು ತಲೆಹಲಗೆಗೆ ಬಳಸಿಬಿಡುವ ಆಸೆ ಯಜಮಾನರಿಗಿತ್ತು, ಭಾರ ಬೀಳುವುದಿಲ್ಲವಲ್ಲ ಎಂದು. ಅಸಿಟೋನ್ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡಿದೆವು. ಮೇಲ್ಮೈ ಅಂಟಂಟಾದರೆ ರೆಸಿನ್ ಪೂರ್ತಿ ಗಟ್ಟಿಯಾಗಿಲ್ಲ ಎಂದರ್ಥ. ಹಲವು ಹಲಗೆಗಳು ಅಂಟಿದವು, ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ ವಾಸನೆಯೂ ಹೋಗಿರಲಿಲ್ಲ. ಜನ ತಲೆ ಇಟ್ಟು ಮಲಗುವ ಜಾಗಕ್ಕೆ ಅದನ್ನು ಕಳಿಸುವುದಿಲ್ಲ ಎಂದು ಎಂಜಿನಿಯರ್ ಪಟ್ಟು ಹಿಡಿದರು. ಅಂಟಿದ್ದೆಲ್ಲ ಗುಜರಿ ಸೇರಿತು, ನಷ್ಟ ಘಟಕದ್ದೇ.

ರೆಸಾರ್ಟಿನ ವಾಸ್ತುಶಿಲ್ಪಿ ಐಎಸ್ ಸಂಖ್ಯೆ ಕೇಳಿದರು. ಭಾರತೀಯ ಮಾನಕಗಳಲ್ಲಿ ಐಎಸ್ 3087 ಪಾರ್ಟಿಕಲ್ ಬೋರ್ಡಿಗೆ, ಐಎಸ್ 14842 ತೆಂಗಿನ ನಾರು ಮತ್ತು ಮರದ ತೆಳುಪದರ ಸೇರಿಸಿ ಮಾಡುವ ಹಲಗೆಗೆ. ನಮ್ಮದು ಎರಡೂ ಅಲ್ಲ. ಹತ್ತಿರದ ಸಂಖ್ಯೆಯೊಂದನ್ನು ಹಾಕಿ ಕೈತೊಳೆದುಕೊಳ್ಳುವ ರೂಢಿ ಮಾರುಕಟ್ಟೆಯಲ್ಲಿದೆ. ಇಲ್ಲಿ ಹಾಗೆ ಮಾಡದೆ, ಯಾವ ಪರೀಕ್ಷೆಯನ್ನು ಯಾವ ವಿಧಾನದಲ್ಲಿ ಮಾಡಿದೆ, ಎಷ್ಟು ಬಂತು ಎಂದಷ್ಟೇ ಬರೆದು ಕೊಡಲಾಯಿತು. ಬಾಗುಬಲದ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ, ಮಾಡ್ಯುಲಸ್.

‘ಶೇ 100 ನೈಸರ್ಗಿಕ’ ಎಂಬ ಚೀಟಿಯ ವಿಷಯವೂ ಬಂತು. ತೂಕದಲ್ಲಿ ಮುಕ್ಕಾಲು ಪಾಲು ಪೆಟ್ರೋಲಿಯಂ ಮೂಲದ ಪಾಲಿಯೆಸ್ಟರ್ ಇರುವ ಹಲಗೆಗೆ ಆ ಚೀಟಿ ಅಂಟಿಸುವುದು ಶುದ್ಧ ಸುಳ್ಳು. ರೆಸಾರ್ಟಿನವರಿಗೆ ಇದರಿಂದ ನಿರಾಸೆಯಾಯಿತು. ಕೊನೆಗೆ ‘ತೆಂಗಿನ ನಾರು ಬಳಸಿ ಮಾಡಿದ ಹಲಗೆ’ ಎಂದು ಬರೆಸಿದರು.

ಸೆಣಬಿನ ಮುಖ ಹಾಕಿದ ಮೇಲೆ ಹೊಸ ತಲೆನೋವೊಂದು ಹುಟ್ಟಿಕೊಂಡಿದೆ. ಸೆಣಬಿಗೆ ತೆಂಗಿನ ನಾರಿನಷ್ಟು ಲಿಗ್ನಿನ್ನಿನ ಕಾವಲಿಲ್ಲ, ನೀರು ಬೇಗ ಹೀರುತ್ತದೆ. 24 ಗಂಟೆ ನೀರಿನಲ್ಲಿ ಮುಳುಗಿಸಿ ತೂಕ ಮತ್ತು ದಪ್ಪ ನೋಡುವ ಪರೀಕ್ಷೆಯಲ್ಲಿ, ಎಲ್ಲ ಅಂಚಿಗೂ ರೆಸಿನ್ ಬಳಿದ ತುಂಡು ಹೆಚ್ಚೇನೂ ಬದಲಾಗುವುದಿಲ್ಲ. ಕತ್ತರಿಸಿ ಹಾಗೇ ಬಿಟ್ಟ ಅಂಚು ಕಣ್ಣಿಗೆ ಕಾಣುವಷ್ಟು ಉಬ್ಬುತ್ತದೆ. ಶೆಡ್ಡಿನಲ್ಲಿ ಎಷ್ಟೇ ಜೋಪಾನವಾಗಿ ಅಂಚು ಮುಚ್ಚಿದರೂ ಕೋಣೆಯಲ್ಲಿ ಬಡಗಿ ಡ್ರಿಲ್ ಹಿಡಿದ ಕೂಡಲೇ ಹೊಸ ಅಂಚು ತೆರೆದುಕೊಳ್ಳುತ್ತದೆ, ಅದರಲ್ಲೂ ಬಚ್ಚಲಿನ ಗೋಡೆಗೆ ಹೊಂದಿದ ಶೆಲ್ಫುಗಳಲ್ಲಿ. ಈಗ ತೂತುಗಳನ್ನು ಶೆಡ್ಡಿನಲ್ಲೇ ಕೊರೆದು, ರೆಸಿನ್ ತುಂಬಿ, ಅದು ಗಟ್ಟಿಯಾದ ಮೇಲೆ ಸಣ್ಣ ಬಿಟ್ಟಿನಿಂದ ಮತ್ತೆ ಕೊರೆದು ಕಳಿಸುತ್ತಿದ್ದಾರೆ. ಗೋಡೆಯ ಅಳತೆ ಸರಿಹೊಂದದಿದ್ದಾಗ ಬಡಗಿ ಹೊಸ ತೂತು ಕೊರೆಯುವುದು ಮಾತ್ರ ಇನ್ನೂ ನಿಂತಿಲ್ಲ. ಹಾಗಾಗಿ ಕೋಣೆಗಳ ಅಳತೆ ತೆಗೆಯಲು ಎಂಜಿನಿಯರ್ ತಾವೇ ಬಡಗಿಯ ಜತೆ ಹೋಗುತ್ತಿದ್ದಾರೆ.